ತಂಬೂರಿಯಿಂದ ತೆರೆಗೆ: ಮಾನ್ವಿ ಸೀಮೆಯ ದಾಸರ ಪದಗಳು

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ರಾಯಚೂರು ದೋಆಬ್ ಪ್ರದೇಶವು ರಾಜಕೀಯ ಚರಿತ್ರೆಯ ಪುಸ್ತಕಗಳಲ್ಲಿ ಯುದ್ಧಗಳ ನೆಲವೆಂದೇ ಹೆಸರಾಗಿದೆಯಾದರೂ, 18ನೆಯ ಶತಮಾನದಲ್ಲಿ ಈ ಪ್ರದೇಶ ಕನ್ನಡಕ್ಕೆ ಕೊಟ್ಟ ಅತಿ ದೊಡ್ಡ ಕೊಡುಗೆ ಹಾಡಿನದು. ವಿಜಯನಗರದ ಪತನದ ನಂತರ ಮಂಕಾಗಿದ್ದ ಹರಿದಾಸ ಪರಂಪರೆ, ಅಂದರೆ ಮಧ್ವಮತದ ತತ್ತ್ವವನ್ನು ಕನ್ನಡದ ಹಾಡುಗಳಲ್ಲಿ ಮನೆಮನೆಗೆ ಮುಟ್ಟಿಸಿದ ಗಾಯಕ ಭಕ್ತರ ಪರಂಪರೆ, ಮತ್ತೆ ತಲೆಯೆತ್ತಿದ್ದು ಇಲ್ಲಿಯೇ. ವಿಜಯದಾಸರು (1682–1755) ಹುಟ್ಟಿದ ಚೀಕಲಪರ್ವಿ ಮಾನ್ವಿ ತಾಲೂಕಿನ ತುಂಗಭದ್ರಾ ದಂಡೆಯ ಊರು. ಅವರ ಶಿಷ್ಯರಾದ ಗೋಪಾಲದಾಸರ ಹುಟ್ಟೂರು ಮೊಸರಕಲ್ಲು ದೇವದುರ್ಗ ತಾಲೂಕಿನದು. ಗೋಪಾಲದಾಸರಿಂದ ದೀಕ್ಷೆ ಪಡೆದ ಜಗನ್ನಾಥದಾಸರು (1728–1809) ಮಾನ್ವಿ ತಾಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಒಂದೇ ದಿನದಲ್ಲಿ ಸುತ್ತಿ ಬರಬಹುದಾದಷ್ಟು ಕಿರಿದಾದ ಸೀಮೆಯಲ್ಲಿ ಮೂರು ತಲೆಮಾರು ಬೆಳೆದ ಈ ಗಾಯನ ಸಂಪತ್ತು ಚಲನಚಿತ್ರ ಮತ್ತು ದೂರದರ್ಶನದ ತೆರೆಯ ಮೇಲೆ ಹೇಗೆ ಕಾಣಿಸಿಕೊಂಡಿತು, ಎಷ್ಟು ಕಾಣಿಸಿಕೊಂಡಿತು, ಕಾಣಿಸಿಕೊಂಡಾಗ ಅದರಲ್ಲಿ ಉಳಿದದ್ದೇನು ಎಂಬುದು ಈ ಲೇಖನದ ವಿಷಯ.

ಬೀದಿಯಲ್ಲಿ ಹಾಡುವವರನ್ನು ವಿದ್ವತ್ ವಲಯ ಹೇಗೆ ಕಂಡಿತೆಂಬುದಕ್ಕೆ ಮಾನ್ವಿಯಲ್ಲಿಯೇ ಒಂದು ಪ್ರಸಿದ್ಧ ಐತಿಹ್ಯವಿದೆ. ಮಧ್ವ ಪರಂಪರೆಯಲ್ಲಿ ಸಂಸ್ಕೃತ ಗ್ರಂಥಗಳ ಪಾಠ ಪ್ರವಚನ ಮಾಡುವ ವಿದ್ವಾಂಸರ ಬಳಗಕ್ಕೆ ವ್ಯಾಸಕೂಟವೆಂದೂ, ಕನ್ನಡದಲ್ಲಿ ಹಾಡು ಕಟ್ಟಿ ಹಾಡುವವರ ಬಳಗಕ್ಕೆ ದಾಸಕೂಟವೆಂದೂ ಹೆಸರು. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಹೆಸರಿನ ದೊಡ್ಡ ಸಂಸ್ಕೃತ ಪಂಡಿತರಾಗಿದ್ದು, ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ತಂಬೂರಿ ಚಿಟಿಕೆ ಹಿಡಿದು ಕನ್ನಡದಲ್ಲಿ ಹಾಡುತ್ತಿದ್ದ ವಿಜಯದಾಸರನ್ನು ಕೀಳಾಗಿ ಕಂಡರೆಂದೂ, ಅವರ ಪಂಕ್ತಿಯಲ್ಲಿ ಊಟಕ್ಕೆ ಕೂರಲೊಲ್ಲದೆ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ, ಆ ನೆಪವೇ ನಿಜವಾಗಿ ಪ್ರಾಣಾಂತಿಕ ಉದರಶೂಲೆಯಾಯಿತೆಂದೂ, ಕೊನೆಗೆ ವಿಜಯದಾಸರ ಸೂಚನೆಯಂತೆ ಗೋಪಾಲದಾಸರ ಬಳಿಗೆ ಹೋಗಿ ಅವರು ಕೊಟ್ಟ ಜೋಳದ ರೊಟ್ಟಿಯಿಂದ ಗುಣ ಹೊಂದಿದರೆಂದೂ ಪರಂಪರೆ ಹೇಳುತ್ತದೆ. ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನೇ ದಾನ ಮಾಡಿದರೆಂಬ ನಂಬಿಕೆಯೂ ಇದಕ್ಕೆ ಸೇರಿಕೊಂಡಿದೆ. ಪವಾಡದ ಅಂಶವನ್ನು ಭಕ್ತರ ಶ್ರದ್ಧೆಗೆ ಬಿಟ್ಟು ನೋಡಿದರೂ ಈ ಕಥೆಯ ಸಾಮಾಜಿಕ ಸತ್ಯ ದೊಡ್ಡದು: ಊರಾಡಿ ಗೋಪಾಳಬುಟ್ಟಿಯಲ್ಲಿ ಭಿಕ್ಷೆ ಪಡೆಯುತ್ತಾ ಆಡುಮಾತಿನಲ್ಲಿ ಹಾಡುವುದು ಆ ಕಾಲದ ಪಂಡಿತರಿಗೆ ಮರ್ಯಾದೆಗೆ ಒಗ್ಗದ ಕೆಲಸವಾಗಿತ್ತು. ಅಂಥದ್ದನ್ನು ಅಲ್ಲಗಳೆದ ಪಂಡಿತರೊಬ್ಬರೇ ಗೆಜ್ಜೆ ಕಟ್ಟಿ ಬೀದಿಗಿಳಿದದ್ದು ಕನ್ನಡದ ಸಾಂಸ್ಕೃತಿಕ ಚರಿತ್ರೆಯ ಮಹತ್ವದ ತಿರುವುಗಳಲ್ಲೊಂದು.

ಈ ದಾಸರು ಕಟ್ಟಿದ್ದು ಒಂದೇ ಬಗೆಯ ಹಾಡಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ತೆರೆಗೆ ಯಾವುದು ಬಂತು ಯಾವುದು ಬರಲಿಲ್ಲ ಎಂಬುದು ಈ ಪ್ರಕಾರಗಳ ಸ್ವರೂಪವನ್ನೇ ಅವಲಂಬಿಸಿದೆ. ಪಲ್ಲವಿ, ಅನುಪಲ್ಲವಿ, ಚರಣಗಳುಳ್ಳ ಕೀರ್ತನೆ ಎಲ್ಲರಿಗೂ ಪರಿಚಿತ. ತಾಳದ ಕಟ್ಟಿಲ್ಲದೆ ರಾಗದ ಮೇಲೆ ಮಾತನ್ನು ಹರಿಯಬಿಡುವುದು ಉಗಾಭೋಗ. ಇವೆರಡಕ್ಕಿಂತ ಹಿರಿದಾದದ್ದು ಸುಳಾದಿ: ಇದರ ಒಂದೊಂದು ಖಂಡ ಒಂದೊಂದು ತಾಳದಲ್ಲಿರುತ್ತದೆ; ಧ್ರುವ, ಮಟ್ಟ, ತ್ರಿಪುಟ, ಅಟ್ಟ, ಆದಿ ಮುಂತಾದ ತಾಳಗಳಲ್ಲಿ ವಿಷಯವನ್ನು ಹಂತಹಂತವಾಗಿ ಬೆಳೆಸಿ, ಕೊನೆಗೆ ‘ಜತೆ’ ಎಂಬ ಎರಡು ಸಾಲಿನಲ್ಲಿ ಇಡೀ ವಾದದ ಸಾರವನ್ನು ಹೇಳಿ ಅಂಕಿತದೊಂದಿಗೆ ಮುಗಿಸಲಾಗುತ್ತದೆ. ಅಂಕಿತವೆಂದರೆ ಕರ್ತೃವಿನ ಮುದ್ರೆ. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬವು ಈ ಮೂವರ ಅಂಕಿತಗಳು. ವಿಜಯದಾಸರನ್ನು ಪರಂಪರೆ ಸುಳಾದಿಯ ದಾಸರೆಂದೇ ಗೌರವಿಸುತ್ತದೆ. ಸುಳಾದಿಯನ್ನು ಹಾಡುವ ಮಂಡಳಿಯಲ್ಲಿ ಮುಂದಾಳು ಒಂದು ನುಡಿಯನ್ನು ಎತ್ತಿಕೊಡುತ್ತಾನೆ, ಉಳಿದವರು ತಾಳ ಬಡಿಯುತ್ತಾ ಅದನ್ನೇ ಹಿಂದೆ ಹೇಳುತ್ತಾರೆ. ನುಡಿ ಮುಗಿದು ತಾಳ ಬದಲಾಗುವ ಜಾಗದಲ್ಲಿ ಎಲ್ಲರ ಕೈಯೂ ಒಂದು ಕ್ಷಣ ತಡೆದು, ಮುಂದಾಳಿನ ಕೈಯನ್ನು ನೋಡಿಕೊಂಡು ಹೊಸ ನಡೆಗೆ ಹೊಂದಿಕೊಳ್ಳುತ್ತದೆ. ತಾಳದ ಈ ಹೊರಳನ್ನು ಯಾವ ಪುಸ್ತಕವೂ ಕಲಿಸಲಾರದು. ಪಕ್ಕದಲ್ಲಿ ಕೂತೇ ಕಲಿಯಬೇಕು.

ಜಗನ್ನಾಥದಾಸರ ‘ಹರಿಕಥಾಮೃತಸಾರ’ ಭಾಮಿನೀ ಷಟ್ಪದಿಯ ಮೇರುಕೃತಿ. 32 ಸಂಧಿಗಳಲ್ಲಿ ದ್ವೈತ ವೇದಾಂತವನ್ನು ಕನ್ನಡದಲ್ಲಿ ವಿಸ್ತರಿಸಿದ ಆ ಕೃತಿಗೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನಗಳು ಹುಟ್ಟಿದವೆಂಬುದು ವ್ಯಾಸಕೂಟ ದಾಸಕೂಟಗಳ ಹಳೆಯ ಅಂತರ ಎಷ್ಟು ಕರಗಿತ್ತೆಂಬುದರ ಗುರುತು. ಅವರ ‘ತತ್ತ್ವಸುವ್ವಾಲಿ’ಯ ದಾರಿಯೇ ಬೇರೆ. ಹೆಂಗಸರು ಕುಟ್ಟುವಾಗ ಬೀಸುವಾಗ ಹಾಡುತ್ತಿದ್ದ ಸುವ್ವಿ ಹಾಡಿನ ಮಟ್ಟನ್ನೂ ತ್ರಿಪದಿಯನ್ನೂ ಹಿಡಿದು ಅದರಲ್ಲಿ ತತ್ತ್ವವನ್ನು ತುಂಬಿದ ಕೃತಿ ಅದು. ಪಂಡಿತರಾಗಿದ್ದವರು ಒನಕೆಯ ಮಟ್ಟಿಗೆ ಬಂದು ನಿಂತ ಈ ವಿನಯವೇ ಮಾನ್ವಿಯ ದಾಸಸಾಹಿತ್ಯದ ಹೆಚ್ಚುಗಾರಿಕೆ.

ಮುದ್ರಣಕ್ಕೆ ದಾಸರ ಪದಗಳು ಬಂದದ್ದು 1850ರಲ್ಲಿ, ಮಂಗಳೂರಿನಲ್ಲಿ, ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಅವರ ಸಂಗ್ರಹದ ಮೂಲಕ. ರಾಯಚೂರು ಸೀಮೆಯ ದಾಸರ ಕೃತಿಗಳ ಮಟ್ಟಿಗೆ ಹೇಳುವುದಾದರೆ ಲಿಂಗಸುಗೂರಿನಲ್ಲಿ ಗೊರೆಬಾಳ ಹನುಮಂತರಾಯರು ಮಾಡಿದ ಪ್ರಕಟಣೆಯ ಕೆಲಸವೇ ಆಧಾರ. ಮನೆಮನೆಯ ಹಸ್ತಪ್ರತಿಗಳನ್ನು ಕೂಡಿಸಿ ಅಚ್ಚು ಹಾಕಿಸಿದ ಅವರ ಶ್ರಮವಿಲ್ಲದಿದ್ದರೆ ಇಂದು ಹಾಡುತ್ತಿರುವ ಎಷ್ಟೋ ಪದಗಳ ಪಾಠವೇ ಸಿಗುತ್ತಿರಲಿಲ್ಲ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡ ಮೂರೇ ವರ್ಷಗಳಲ್ಲಿ, ಅಂದರೆ 1937ರಲ್ಲಿ, ‘ಪುರಂದರದಾಸ’ ಎಂಬ ಚಿತ್ರ ಬಂದಿತು. ಹಾಡಿನ ಬಲದಿಂದಲೇ ನಡೆಯುತ್ತಿದ್ದ ಆ ಕಾಲದ ಸಿನಿಮಾಕ್ಕೆ ದಾಸರ ಜೀವನ ಹೇಳಿ ಮಾಡಿಸಿದ ವಸ್ತುವಾಗಿತ್ತು. ಮುಂದೆ ರಾಜ್‌ಕುಮಾರ್ ಅವರು ‘ಭಕ್ತ ಕನಕದಾಸ’ (1960), ‘ನವಕೋಟಿ ನಾರಾಯಣ’ (1964) ಚಿತ್ರಗಳಲ್ಲಿ ಕನಕ ಪುರಂದರರಾಗಿಯೂ, ‘ಮಂತ್ರಾಲಯ ಮಹಾತ್ಮೆ’ಯಲ್ಲಿ (1966) ರಾಘವೇಂದ್ರ ಸ್ವಾಮಿಗಳಾಗಿಯೂ ಅಭಿನಯಿಸಿದರು, ಪಿ.ಬಿ. ಶ್ರೀನಿವಾಸ್ ಅವರ ಕಂಠದಲ್ಲಿ ಆ ಹಾಡುಗಳು ಭಜನೆಯ ಮನೆಗಳಿಗೂ ಮರಳಿದವು. ಮಂತ್ರಾಲಯ ಮಾನ್ವಿಗೆ ದೂರವಲ್ಲ. ಆದರೂ ಈ ದಶಕಗಳ ಸಿನಿಮಾದಲ್ಲಿ ದಾಸರೆಂದರೆ ಪುರಂದರರು, ಕನಕರು. ವಿಜಯದಾಸ, ಗೋಪಾಲದಾಸ, ಜಗನ್ನಾಥದಾಸರ ಬಾಳು ಕಥಾಚಿತ್ರವಾಗಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಇದಕ್ಕೆ ರಾಜಕೀಯ ಕಾರಣವೂ ಇದೆ, ತಾಂತ್ರಿಕ ಕಾರಣವೂ ಇದೆ. ರಾಯಚೂರು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ಸಿನಿಮಾ ಕಟ್ಟಿದ ಬಂಡವಾಳ, ನಾಟಕ ಕಂಪನಿಗಳು ಮತ್ತು ಸ್ಟುಡಿಯೋಗಳಾದರೋ ಮೈಸೂರು, ಬೆಂಗಳೂರು, ಮದರಾಸುಗಳಲ್ಲಿದ್ದವು, ಆದ್ದರಿಂದ ಅಲ್ಲಿಯವರಿಗೆ ಪರಿಚಿತವಾದ ದಾಸರೇ ಮೊದಲು ತೆರೆಗೆ ಬಂದರು. ತಾಂತ್ರಿಕ ಕಾರಣವೇ ಹೆಚ್ಚು ಕುತೂಹಲಕರ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರೂವರೆ ನಿಮಿಷದ ಹಾಡು. ಸಿನಿಮಾ ಹಾಡಿನ ಅಳತೆಯೂ ಅದಕ್ಕೇ ಒಗ್ಗಿಕೊಂಡಿತು. ಪಲ್ಲವಿಗೆ ಮತ್ತೆ ಮತ್ತೆ ಮರಳುವ ಕೀರ್ತನೆಯಿಂದ ಎರಡು ಚರಣ ತೆಗೆದರೂ ಹಾಡು ನಿಲ್ಲುತ್ತದೆ. ಸುಳಾದಿಯಿಂದ ಒಂದು ತಾಳದ ನುಡಿಯನ್ನು ತೆಗೆದರೆ ವಾದದ ಮೆಟ್ಟಿಲೇ ಕಳಚಿದಂತಾಗುತ್ತದೆ. ಹೀಗಾಗಿ ಕೀರ್ತನೆ ತೆರೆಗೆ ಸಲೀಸಾಗಿ ಹತ್ತಿತು, ಸುಳಾದಿ ಹೊರಗೇ ಉಳಿಯಿತು. ಮಾನ್ವಿ ಸೀಮೆಯ ದಾಸರ ಶಕ್ತಿ ಇದ್ದದ್ದು ಆ ದೀರ್ಘ ರೂಪಗಳಲ್ಲಿಯೇ ಎಂಬುದನ್ನು ನೆನೆದರೆ ನಷ್ಟ ಸಣ್ಣದಲ್ಲ.

ದೂರದರ್ಶನದ ವಿಷಯದಲ್ಲಿ ರಾಯಚೂರಿನ ಚರಿತ್ರೆ ಅನೇಕರಿಗೆ ಅಚ್ಚರಿ ತರುವಂಥದು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿವಿ ಪೆಟ್ಟಿಗೆ ಮಾತಾಡಿದ್ದು 1975ರಲ್ಲಿ. ‘ಸೈಟ್’ ಎಂದು ಹೆಸರಾದ ಉಪಗ್ರಹ ಬೋಧನಾ ಪ್ರಯೋಗವು ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು, 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2,400 ಹಿಂದುಳಿದ ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಬಿತ್ತರಿಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದ ಜಿಲ್ಲೆಗಳು ರಾಯಚೂರು, ಗುಲಬರ್ಗಾ ಮತ್ತು ಬಿಜಾಪುರ. ತಂತಿಜಾಲರಿಯ ಹತ್ತು ಅಡಿ ಅಗಲದ ದೊಡ್ಡ ಕೊಡೆಯೊಂದು ಆಕಾಶದಿಂದ ಬಂದ ಸಂಕೇತವನ್ನು ಹಿಡಿಯುತ್ತಿತ್ತು. ಊರಿನ ಸಾರ್ವಜನಿಕ ಜಾಗದಲ್ಲಿ ಇಟ್ಟ ಒಂದೇ ಪೆಟ್ಟಿಗೆಯ ಮುಂದೆ ಸಂಜೆ ಊರೆಲ್ಲ ಸೇರುತ್ತಿತ್ತು. ಬೆಳಗ್ಗೆ ಶಾಲಾಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮತ್ತು ಒಂದಿಷ್ಟು ಮನರಂಜನೆ ಎಂಬ ಕ್ರಮದಲ್ಲಿ ಕಾರ್ಯಕ್ರಮಗಳಿದ್ದವು. ಕನ್ನಡದವು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಹಳ್ಳಿಗೆ ಹೊರಗಿನ ಅರಿವನ್ನು ತಲುಪಿಸುವುದು ಆ ಪ್ರಯೋಗದ ಘನ ಉದ್ದೇಶವಾಗಿತ್ತು. ಹಳ್ಳಿಯ ಅರಿವನ್ನು, ಹಳ್ಳಿಯ ಹಾಡನ್ನು ಹೊರಗೆ ತಲುಪಿಸುವ ದಾರಿ ಅದರಲ್ಲಿರಲಿಲ್ಲ. ಸಂಕೇತ ಮೇಲಿನಿಂದ ಕೆಳಗೆ ಬರುತ್ತಿತ್ತೇ ಹೊರತು ಕೆಳಗಿನಿಂದ ಮೇಲೆ ಹೋಗುತ್ತಿರಲಿಲ್ಲ. ಪ್ರಯೋಗ ಮುಗಿದ ಮರುವರ್ಷ, 1977ರಲ್ಲಿ, ಅದರ ಮುಂದುವರಿಕೆಯಾಗಿ ಗುಲಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂದ ಮೇಲೆಯೇ ಈ ಭಾಗದ ಕಲಾವಿದರಿಗೆ ತಮ್ಮ ನೆಲದಲ್ಲಿಯೇ ಕ್ಯಾಮೆರಾ ಎದುರು ಕೂರುವ ಅವಕಾಶ ಹುಟ್ಟಿತು.

ಇದೇ ಹೊತ್ತಿಗೆ, ಸೈಟ್ ಪ್ರಯೋಗ ಮುಗಿದ ನಾಲ್ಕು ತಿಂಗಳಲ್ಲಿ, ಲಂಡನ್ನಿನಲ್ಲಿ ನಡೆದ ಒಂದು ಘಟನೆಯನ್ನು ಇಲ್ಲಿ ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ನಿನ ಸಣ್ಣ ಹಾಡುಮನೆಗಳಲ್ಲಿ ಹುಟ್ಟಿದ ಪಂಕ್ ರಾಕ್ ಎಂಬ ಸಂಗೀತವು, ದೊಡ್ಡ ತಾಲೀಮು ಬೇಡ, ದುಬಾರಿ ವಾದ್ಯ ಬೇಡ, ಮೂರು ಸ್ವರಮೇಳ ಬಂದರೆ ಸಾಕು, ಹೇಳುವುದಿದ್ದರೆ ಯಾರೂ ಹಾಡಬಹುದು ಎಂಬ ನಿಲುವಿನದು. ನಿರುದ್ಯೋಗದಲ್ಲಿ ಬೇಯುತ್ತಿದ್ದ ಯುವಕರ ಸಿಟ್ಟು ಅದರ ಜೀವ. 1976ರ ಡಿಸೆಂಬರ್ 1ರ ಸಂಜೆ ಥೇಮ್ಸ್ ಟೆಲಿವಿಷನ್ನಿನ ‘ಟುಡೇ’ ಎಂಬ ನೇರಪ್ರಸಾರದ ಕಾರ್ಯಕ್ರಮಕ್ಕೆ ಬರಬೇಕಿದ್ದ ಕ್ವೀನ್ ತಂಡ ಬಾರದೆ, ಬದಲಿಗೆ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡವನ್ನು ಕೂರಿಸಲಾಯಿತು. ನಿರೂಪಕ ಬಿಲ್ ಗ್ರಂಡಿ ಅವರನ್ನು ಕೆಣಕಿದರು, ಅವರು ಬೈಗುಳದಲ್ಲಿಯೇ ಉತ್ತರಿಸಿದರು. ಮರುದಿನ ಪತ್ರಿಕೆಗಳ ಮುಖಪುಟವೆಲ್ಲ ಅದೇ ಸುದ್ದಿಯಾಗಿ, ಗ್ರಂಡಿ ಎರಡು ವಾರ ಅಮಾನತಾದರು, ತಂಡದ ಪ್ರವಾಸದ ಬಹುತೇಕ ಕಛೇರಿಗಳು ರದ್ದಾದವು, ಮುಂದಿನ ತಿಂಗಳು ಧ್ವನಿಮುದ್ರಣ ಕಂಪನಿ ಇಎಂಐ ಕೂಡ ಕೈಬಿಟ್ಟಿತು. ಆ ಕೆಲವೇ ನಿಮಿಷಗಳ ಪ್ರಸಾರದಿಂದ ದೇಶಕ್ಕೆಲ್ಲ ತಲುಪಿದ್ದು ಬೈಗುಳ. ಹಾಡಿನಲ್ಲಿ ಏನಿದೆಯೆಂದು ಕೇಳುವ ವ್ಯವಧಾನ ಯಾರಿಗೂ ಉಳಿಯಲಿಲ್ಲ.

ಭಕ್ತಿ ಮತ್ತು ವೈರಾಗ್ಯದ ಹಾಡನ್ನು ಸಿಟ್ಟಿನ ಹಾಡಿನೊಂದಿಗೆ ಸಮೀಕರಿಸುವುದು ತಪ್ಪಾಗುತ್ತದೆ, ಆ ಉದ್ದೇಶವೂ ಇಲ್ಲಿಲ್ಲ. ಎರಡೂ ಸೇರುವುದು ತೆರೆಯ ಸ್ವಭಾವದಲ್ಲಿ. ವೇದಿಕೆಯ ಮರ್ಯಾದೆಗೆ ಹೊರಗಾಗಿ ಬೆಳೆದ ಹಾಡನ್ನು ತೆರೆ ಕರೆಸಿಕೊಂಡಾಗ ಅದಕ್ಕೆ ಬೇಕಾಗುವುದು ಹಾಡುಗಾರನ ಬದುಕಿನ ಬೆರಗು. ಲಂಡನ್ನಿನಲ್ಲಿ ಅದು ರಂಪವಾದರೆ ಇಲ್ಲಿ ಅದು ಪವಾಡ. ಪಂಕ್ ಹಾಡು ಎರಡು ಮೂರು ನಿಮಿಷದ್ದು, ಟಿವಿಯ ಅಳತೆಗೆ ಚೆನ್ನಾಗಿಯೇ ಹೊಂದುತ್ತಿತ್ತು. ಆದರೂ ಹಾಡು ಹಿಂದೆ ಸರಿಯಿತು. ಆದ್ದರಿಂದ ಉದ್ದದ ತೊಡಕೊಂದೇ ಕಾರಣವಲ್ಲ ಎಂಬುದು ಸ್ಪಷ್ಟ.

ಬೇರೆ ದಾರಿ ಹಿಡಿದ ಚಿತ್ರಗಳೂ ಇವೆ. ಪೆನೆಲೊಪಿ ಸ್ಫೀರಿಸ್ ನಿರ್ದೇಶಿಸಿದ ‘ದ ಡಿಕ್ಲೈನ್ ಆಫ್ ವೆಸ್ಟರ್ನ್ ಸಿವಿಲೈಜೇಷನ್’ (1981) ಎಂಬ ಸಾಕ್ಷ್ಯಚಿತ್ರವು ಲಾಸ್ ಏಂಜಲೀಸಿನ ಪಂಕ್ ತಂಡಗಳನ್ನು ಅವು ಹಾಡುತ್ತಿದ್ದ ಜಾಗದಲ್ಲಿಯೇ ಚಿತ್ರೀಕರಿಸಿ, ಹಾಡುಗಳಿಗೆ ಜಾಗ ಬಿಟ್ಟುಕೊಟ್ಟು, ಹಾಡುವವರನ್ನೂ ಕೇಳುವವರನ್ನೂ ಮಾತಾಡಿಸಿತು. ಅಂದಿನ ಆ ಸಂಗೀತವನ್ನು ಅರಿಯಲು ಇಂದಿಗೂ ಜನ ಮೊರೆಹೋಗುವುದು ಅದಕ್ಕೆ. ಕನ್ನಡದಲ್ಲಿ ಹಾಡನ್ನೇ ಮುಂದಿಟ್ಟ ಉದಾಹರಣೆಯೆಂದರೆ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ (1990). ಸಿ. ಅಶ್ವತ್ಥ್ ಅವರ ಸಂಗೀತದಲ್ಲಿ ತತ್ತ್ವಪದಗಳು, ಅಂದರೆ ಅನುಭಾವವನ್ನು ಒಗಟಿನಂಥ ಆಡುಮಾತಿನಲ್ಲಿ ಹೇಳುವ ಹಾಡುಗಳು, ಕಥೆಗೆ ಅಲಂಕಾರವಾಗದೆ ಕಥೆಯನ್ನೇ ನಡೆಸುತ್ತವೆ. ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿಯೂ ಅದಕ್ಕೆ ಸಂದಿತು. ಅದೇ ಶರೀಫರ ಪದವನ್ನು ತನ್ನ 2008ರ ಮೊದಲ ಆಲ್ಬಮ್ಮಿನಲ್ಲಿ ಗಿಟಾರ್ ಡ್ರಮ್ಮುಗಳೊಂದಿಗೆ ಹಾಡಿದ್ದ ರಘು ದೀಕ್ಷಿತ್ ಅವರ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಧಾರವಾಡ ಸೀಮೆಯ ತತ್ತ್ವಪದಕ್ಕೆ ಸಿಕ್ಕ ಈ ಭಾಗ್ಯ ಮಾನ್ವಿ ಸೀಮೆಯ ಸುವ್ವಾಲಿಗೆ ಇನ್ನೂ ಸಿಕ್ಕಿಲ್ಲ.

ದಾಸರ ಪದದ ಮಟ್ಟಿಗೆ ಎರಡು ಪ್ರಯತ್ನಗಳನ್ನು ಹೆಸರಿಸಬೇಕು. ಶಂಕರ್‌ನಾಗ್ ಅವರ ‘ನೋಡಿ ಸ್ವಾಮಿ ನಾವಿರೋದು ಹೀಗೆ’ (1983) ಚಿತ್ರದಲ್ಲಿ, ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಕೀರ್ತನೆಯನ್ನು ಭೀಮಸೇನ ಜೋಶಿ ಅವರ ಕಂಠದಲ್ಲಿಯೇ ಬಳಸಲಾಯಿತು. ಪೇಟೆಯ ಇಂದಿನ ಮನೆಯೊಂದರ ಕಥೆಯೊಳಗೆ ದಾಸರ ಪದವು ವೇಷಭೂಷಣವಿಲ್ಲದೆ, ನಿತ್ಯದ ಹಾಡಾಗಿ ಬಂದದ್ದು ಅದರ ವಿಶೇಷ. ಗಿರೀಶ್ ಕಾರ್ನಾಡರು 1988ರಲ್ಲಿ ನಿರ್ದೇಶಿಸಿದ ‘ಕನಕ ಪುರಂದರ’ ಸಾಕ್ಷ್ಯಚಿತ್ರಕ್ಕೆ ಅತ್ಯುತ್ತಮ ಕಥೇತರ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಇವೆರಡೂ ಪವಾಡದ ಹಂಗಿಲ್ಲದೆ ದಾಸರನ್ನು ತೆರೆಗೆ ತರಬಹುದೆಂದು ತೋರಿಸಿದವು, ಆದರೆ ಆ ದಾರಿಯಲ್ಲಿ ಮುಂದೆ ನಡೆದವರು ಕಡಿಮೆ.

ಮಾನ್ವಿಯ ದಾಸರು ಕೊನೆಗೂ ಕಥಾನಾಯಕರಾಗಿ ತೆರೆಗೆ ಬಂದದ್ದು 2020ರ ದಶಕದಲ್ಲಿ, ಮಧುಸೂದನ್ ಹವಾಲ್ದಾರ್ ನಿರ್ದೇಶನದ ‘ಶ್ರೀ ಜಗನ್ನಾಥದಾಸರು’ ಮತ್ತು ವಿಜಯದಾಸರನ್ನು ಕುರಿತ ಚಿತ್ರಗಳ ಮೂಲಕ. ಮಾರುಕಟ್ಟೆಯ ಲೆಕ್ಕಾಚಾರಕ್ಕೆ ಸಿಲುಕದ ವಸ್ತುವನ್ನು ಕೈಗೆತ್ತಿಕೊಂಡು, ರಾಯಚೂರು ಸೀಮೆಯ ದಾಸರನ್ನು ಕನ್ನಡ ಪ್ರೇಕ್ಷಕರಿಗೆ ಪರಿಚಯಿಸಿದ ಈ ಕೆಲಸ ಗೌರವಕ್ಕೆ ಅರ್ಹವಾದದ್ದು. ಜೀವನಚಿತ್ರದ ಚೌಕಟ್ಟು ಸಹಜವಾಗಿಯೇ ಬದುಕಿನ ಘಟನೆಗಳದು. ಅದರಿಂದ ಒಂದು ಸುಳಾದಿ ಧ್ರುವದಿಂದ ಜತೆಯವರೆಗೆ ತಾಳ ಹೊರಳುತ್ತಾ ಹೋಗುವುದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆ ಕೆಲಸ ಬೇರೆ ಕೈಗಳಿಂದ ಆಗಬೇಕಾದದ್ದು.

ಈಗ ಅದಕ್ಕೆ ಅಡ್ಡಿಯೂ ಉಳಿದಿಲ್ಲ. ಗ್ರಾಮಫೋನ್ ತಟ್ಟೆಯ ಮೂರೂವರೆ ನಿಮಿಷದ ಮಿತಿ ಹೋಗಿದೆ. ಸ್ಟುಡಿಯೋದ ಕರೆಗೆ ಕಾಯಬೇಕಿಲ್ಲ. ಭಜನಾ ಮಂಡಳಿಯ ಒಬ್ಬರ ಕೈಯಲ್ಲಿರುವ ಮೊಬೈಲ್ ಫೋನು ಇಡೀ ಸಂಜೆಯ ಹಾಡನ್ನು ಹಿಡಿಯಬಲ್ಲದು, ಯೂಟ್ಯೂಬ್ ಅದನ್ನು ಪರದೇಶದ ಕನ್ನಡಿಗರ ಮನೆಗೂ ಮುಟ್ಟಿಸಬಲ್ಲದು. ಭಾದ್ರಪದ ಶುದ್ಧ ನವಮಿಯ ಹೊತ್ತಿಗೆ ಮಾನ್ವಿಯಲ್ಲಿ ನಡೆಯುವ ಜಗನ್ನಾಥದಾಸರ ಆರಾಧನೆ ಇದಕ್ಕೆ ತಕ್ಕ ಸಂದರ್ಭ. ಆದರೆ ಸುಮ್ಮನೆ ಚಿತ್ರೀಕರಿಸಿದರೆ ಸಾಲದು: ಯಾವ ದಾಸರ ಯಾವ ಕೃತಿ, ಯಾವ ರಾಗ, ಯಾವ ತಾಳಗಳು, ಈ ಮಟ್ಟು ಯಾವ ಮನೆತನದಿಂದ ಅಥವಾ ಯಾವ ಊರಿನಿಂದ ಬಂದದ್ದು ಎಂಬ ವಿವರ ಹಾಡಿನ ಜೊತೆಗೇ ಇರಬೇಕು, ತತ್ತ್ವಸುವ್ವಾಲಿಯನ್ನು ಬಾಯಿಪಾಠವಾಗಿ ಹಾಡಬಲ್ಲ ಮುತ್ತೈದೆಯರನ್ನೂ ಅಜ್ಜಿಯರನ್ನೂ ಮೊದಲು ಕೂರಿಸಬೇಕು, ಏಕೆಂದರೆ ಬೀಸುಕಲ್ಲು ಮೂಲೆ ಸೇರಿದ ಮೇಲೆ ಆ ಮಟ್ಟುಗಳನ್ನು ಬಲ್ಲವರ ಸಂಖ್ಯೆ ಕರಗುತ್ತಿದೆ. ಗೊರೆಬಾಳ ಹನುಮಂತರಾಯರು ಲಿಂಗಸುಗೂರಿನಲ್ಲಿ ಅಚ್ಚಿನ ಮೂಲಕ ಮಾಡಿದ್ದನ್ನು ಚಿತ್ರ ಮತ್ತು ಧ್ವನಿಯ ಮೂಲಕ ಮಾಡುವ ಹೊಣೆಯನ್ನು ಮಾನ್ವಿ, ಬ್ಯಾಗವಾಟ, ಚೀಕಲಪರ್ವಿ, ಮೊಸರಕಲ್ಲುಗಳ ಮಂಡಳಿಗಳೂ, ಜಿಲ್ಲೆಯ ಕಾಲೇಜುಗಳ ಕನ್ನಡ ವಿಭಾಗಗಳೂ ಸೇರಿ ಹೊರಬೇಕು. ಮುಂದಿನ ಆರಾಧನೆಯಿಂದಲೇ ಈ ಕೆಲಸ ಆರಂಭವಾಗಲಿ.